ಒಂದು ಗೇಣಿನ ಆಟ: ನೀಬೋರ್ಡ್ ಸರ್ಫಿಂಗ್‌ನಲ್ಲಿ ಕಲಿತದ್ದರ ಮುಂದೆ

ಬೋರ್ಡಿನ ಮೇಲೆ ಮಂಡಿಯೂರಿ ಅಲೆ ಹಿಡಿಯುವುದು ನಿಮಗೆ ಬಂದಿದೆ. ಹತ್ತು ಅಲೆಗೆ ಆರೇಳನ್ನಾದರೂ ಹಿಡಿಯುತ್ತೀರಿ. ಬಲಕ್ಕೋ ಎಡಕ್ಕೋ ತಿರುಗಿ, ಅಲೆಯ ಗೋಡೆಯ ಮೇಲೆ ಗೆರೆ ಎಳೆದ ಹಾಗೆ ನೇರವಾಗಿ ಸಾಗಿ, ಕೊನೆಗೆ ನೊರೆಯಲ್ಲಿ ಮುಳುಗೇಳುತ್ತೀರಿ. ಆಮೇಲೆ? ತಿಂಗಳುಗಟ್ಟಲೆ ಅದೇ ಗೆರೆ. ಬಹಳ ಮಂದಿ ಇಲ್ಲಿಗೇ ನಿಂತುಬಿಡುತ್ತಾರೆ. ನಿಂತುಬಿಡುತ್ತಾರೆ ಅನ್ನುವುದಕ್ಕಿಂತ ಕೂತುಬಿಡುತ್ತಾರೆ ಅನ್ನುವುದೇ ಸರಿ.

ನಾನೂ ಎರಡು ವರ್ಷ ಹೀಗೆ ಕೂತವನೇ. ಹಿಮ್ಮಡಿಯ ಮೇಲೆ ಭಾರವೆಲ್ಲ ಇಳಿಸಿ, ಕಿಟಕಿ ಪಕ್ಕದ ಸೀಟು ಸಿಕ್ಕ ಪ್ರಯಾಣಿಕನ ಹಾಗೆ. ಗೆಳೆಯನೊಬ್ಬ ದಡದಿಂದ ತೆಗೆದ ವಿಡಿಯೊ ನೋಡಿದ ಮೇಲೆ ವಿಷಯ ತಿಳಿಯಿತು. ಅಲೆ ಓಡುತ್ತಿದೆ, ಬೋರ್ಡೂ ಓಡುತ್ತಿದೆ, ಮೇಲಿದ್ದ ಮನುಷ್ಯ ಮಾತ್ರ ಅಲ್ಲಾಡುತ್ತಿಲ್ಲ.

ನಿಂತು ಸರ್ಫ್ ಮಾಡುವವರಿಗೆ ಬಗ್ಗಿ ಏಳಲು ಇಡೀ ಕಾಲಿನ ಉದ್ದವಿದೆ. ನಮಗಿರುವುದು ಹಿಮ್ಮಡಿಗೂ ಪೃಷ್ಠಕ್ಕೂ ನಡುವಿನ ಒಂದು ಗೇಣು. ವೇಗ, ತಿರುವು, ಟ್ಯೂಬಿನೊಳಗಿನ (ಬಾಗಿ ಬೀಳುವ ಅಲೆಯ ಟೊಳ್ಳಿನೊಳಗಿನ) ಬ್ರೇಕು, ಎಲ್ಲವೂ ಆ ಗೇಣಿನಿಂದಲೇ ಹುಟ್ಟಬೇಕು. ಮುಂದೆ ಹೇಳುವುದೆಲ್ಲ ಅದನ್ನು ಬಳಸುವ ಬಗೆ.

ಮೊದಲು ಮಂಡಿಯ ಜಾಗ ಸರಿಮಾಡಿ

ಮಂಡಿ ಒಮ್ಮೆ ಊರಿದರೆ ಅಲೆ ಮುಗಿಯುವ ತನಕ ಅದೇ ಜಾಗ. ನಿಂತವರು ಹೆಜ್ಜೆ ಹಿಂದೆಮುಂದೆ ಮಾಡಿ ತಪ್ಪು ತಿದ್ದಿಕೊಳ್ಳಬಹುದು, ನಮಗೆ ಆ ಸವಲತ್ತಿಲ್ಲ. ಹಾಗಾಗಿ ಬೆರಳಗಲದ ವ್ಯತ್ಯಾಸವೂ ಇಲ್ಲಿ ದೊಡ್ಡದು. ಇಳಿಯುವಾಗ ಪದೇ ಪದೇ ಬೋರ್ಡಿನ ಮೂತಿ ನೀರಿಗೆ ಕುತ್ತಿದರೆ ಮಂಡಿ ತುಂಬ ಮುಂದಿದೆ. ಅಲೆ ಎತ್ತಿದರೂ ಬೋರ್ಡು ಬಾಲ ಊರಿಕೊಂಡು ಹಿಂದೆ ಉಳಿದರೆ ತುಂಬ ಹಿಂದಿದೆ. ಎರಡು ಬೆರಳಗಲ ಸರಿಸಿ ನೋಡಿ, ಸರಿಯಾದ ಜಾಗ ಸಿಕ್ಕಾಗ ಡೆಕ್ ಪ್ಯಾಡಿನ (ಬೋರ್ಡಿನ ಮೇಲೆ ಮಂಡಿಯೂರುವ ಮೆತ್ತೆಯ) ಮೇಲೆ ಅಳಿಸದ ಶಾಯಿಯಲ್ಲಿ ಗುರುತು ಹಾಕಿ. ಎರಡು ಮಂಡಿಗಳ ನಡುವಿನ ಅಂತರ ಹೆಗಲಗಲಕ್ಕಿಂತ ತುಸು ಕಡಿಮೆ ಇರಲಿ. ತೀರಾ ಹತ್ತಿರ ಇಟ್ಟರೆ ಬೋರ್ಡನ್ನು ಅಂಚಿನ ಮೇಲೆ ವಾಲಿಸಲು ಸನ್ನೆಬಲ ಸಿಗುವುದಿಲ್ಲ, ತೀರಾ ಅಗಲಿಸಿದರೆ ಸೊಂಟ ಏಳುವುದಿಲ್ಲ.

ಫ್ಲಿಪ್ಪರ್ (ಪಾದಕ್ಕೆ ಹಾಕುವ ಈಜುರೆಕ್ಕೆ) ವಿಚಾರದಲ್ಲಿ ಒಂದೇ ಮಾತು: ಸಡಿಲ ಬೇಡ. ಜೊತೆಗೆ ತೆಳು ನಿಯೋಪ್ರೀನ್ ಕಾಲುಚೀಲ ಹಾಕಿದರೆ ಬೊಬ್ಬೆ ಏಳುವುದಿಲ್ಲ. ಫ್ಲಿಪ್ಪರನ್ನು ಕಣಕಾಲಿಗೆ ಕಟ್ಟುವ ಪುಟ್ಟ ದಾರವನ್ನು ಸೋಮಾರಿತನದಿಂದ ಬಿಟ್ಟವರು ಒಂದಲ್ಲ ಒಂದು ದಿನ ಒಂಟಿ ಫ್ಲಿಪ್ಪರಿನಲ್ಲಿ ದಡಕ್ಕೆ ಬರುತ್ತಾರೆ. ನಾನು ಎರಡು ಸಲ ಬಂದಿದ್ದೇನೆ.

ಬೋರ್ಡಿನ ಬಗ್ಗೆ, ಸ್ವಲ್ಪ ಹಳೆ ಕಥೆಯೊಂದಿಗೆ

ನೀಬೋರ್ಡೆಂದರೆ ನಿಲ್ಲಲು ಬಾರದವರ ಆಟ ಎಂದು ಮೂಗು ಮುರಿಯುವವರು ಎಲ್ಲ ತೀರದಲ್ಲೂ ಸಿಗುತ್ತಾರೆ. ಅವರು ತುಳಿದು ನಿಂತಿರುವ ಗಿಡ್ಡ ಬೋರ್ಡಿನಲ್ಲಿ ಮಂಡಿಯೂರಿದವರ ಪಾಲು ಎಷ್ಟೆಂದು ಅವರಿಗೆ ಗೊತ್ತಿರುವುದಿಲ್ಲ. ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೀನೋ 1960ರ ದಶಕದಲ್ಲಿ ತನಗಾಗಿ ಚಮಚದ ಹಾಗೆ ನಡು ತಗ್ಗಾದ, ಬಾಗಿ ಬಳುಕುವ ಫೈಬರ್‌ಗ್ಲಾಸಿನ ನೀಬೋರ್ಡ್ ಕಟ್ಟಿಕೊಂಡ. ಅದರಡಿಗೆ ಟ್ಯೂನಾ ಮೀನಿನ ರೆಕ್ಕೆಯ ಆಕಾರದ, ಹಿಂದಕ್ಕೆ ಬಾಗಿದ ಕಿರಿದಾದ ಫಿನ್ ಹಾಕಿದ. ಉದ್ದ ಬೋರ್ಡುಗಳು ನೇರ ಗೆರೆ ಎಳೆಯುತ್ತಿದ್ದ ಕಾಲದಲ್ಲಿ ಈತ ಅಲೆಯ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ತಿರುಗುತ್ತಿದ್ದ. ಅದನ್ನು ಕಂಡ ಆಸ್ಟ್ರೇಲಿಯಾದ ಸರ್ಫರುಗಳು ನಿಂತೇ ಹಾಗೆ ತಿರುಗಲು ಹಂಬಲಿಸಿದ್ದು ಬೋರ್ಡುಗಳು ಗಿಡ್ಡವಾಗಲು ಒಂದು ದೊಡ್ಡ ಕಾರಣ. 1966ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಅವರಲ್ಲೊಬ್ಬನಾದ ನ್ಯಾಟ್ ಯಂಗ್ ವಿಶ್ವ ಚಾಂಪಿಯನ್ ಆದಾಗ ಅವನ ಬೋರ್ಡಿನಡಿ ಇದ್ದದ್ದು ಗ್ರೀನೋ ಮಾದರಿಯ ಫಿನ್. ಮರುವರ್ಷ ಅದೇ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಕವಲು ಬಾಲದ 'ಫಿಶ್' ಬೋರ್ಡನ್ನು ಕೆತ್ತಿದ. ಇಂದು ಎಲ್ಲರೂ ನಿಂತು ಓಡಿಸುವ ಫಿಶ್ ಹುಟ್ಟಿದ್ದೇ ನೀಬೋರ್ಡಾಗಿ.

ಇದನ್ನೆಲ್ಲ ಹೇಳಿದ್ದು ಜಂಭಕ್ಕೆ ಮಾತ್ರವಲ್ಲ. ನೀಬೋರ್ಡಿನಲ್ಲಿ ಭಾರವೆಲ್ಲ ಬೋರ್ಡಿನ ಹಿಂಭಾಗದಲ್ಲಿ, ಹೆಚ್ಚುಕಡಿಮೆ ಫಿನ್‌ಗಳ ನೆತ್ತಿಯ ಮೇಲೇ ಕೂತಿರುತ್ತದೆ. ಹಾಗಾಗಿ ಬಾಲದ ಅಗಲ ಮತ್ತು ಫಿನ್ ಬದಲಾದರೆ ಬೋರ್ಡಿನ ಸ್ವಭಾವವೇ ಬದಲಾಗುತ್ತದೆ. ಸಾಮಾನ್ಯ ನೀಬೋರ್ಡ್ ಐದೂವರೆಯಿಂದ ಆರೂಕಾಲು ಅಡಿ ಉದ್ದ, 22ರಿಂದ 24 ಇಂಚು ಅಗಲ ಇರುತ್ತದೆ. ಕಲಿಯುವಾಗ ಕೊಂಡ ಬೋರ್ಡನ್ನು ಈ ಹಂತದಲ್ಲಿ ಬದಲಿಸುವ ಆತುರ ಬೇಡ. ಮೊದಲು ಫಿನ್ ಬದಲಿಸಿ ನೋಡಿ, ಖರ್ಚೂ ಕಡಿಮೆ. ಮೂರು ಫಿನ್ನಿನ ಜೋಡಣೆ ತಿರುವಿನಲ್ಲಿ ನಂಬಿಕಸ್ಥ, ಎಲ್ಲಿ ಹಿಡಿಯುತ್ತದೆ ಎಲ್ಲಿ ಬಿಡುತ್ತದೆ ಎಂದು ಮೊದಲೇ ತಿಳಿಯುತ್ತದೆ. ನಾಲ್ಕು ಫಿನ್ನಿನಲ್ಲಿ ನಡುವಿನ ಎಳೆತ ಇರುವುದಿಲ್ಲ, ಕಡಿದಾದ ಗೋಡೆಯಲ್ಲಿ ಅಂಚಿನ ಹಿಡಿತ ಚೆನ್ನ. ನನ್ನ ಮತ ನಾಲ್ಕಕ್ಕೆ. ಆದರೆ ಬಾಟಮ್ ಟರ್ನ್ (ಅಲೆಯ ಬುಡದಲ್ಲಿ ತಿರುಗುವುದು) ಇನ್ನೂ ಕೂಡಿಬರದವರು ಮೂರರಲ್ಲೇ ಇರಲಿ.

ನೊರೆ ದಾಟುವುದು

ಕೈ ಈಜು ಮತ್ತು ಕಾಲೊದೆತ ಎರಡೂ ಒಟ್ಟಿಗೆ ನಡೆಯಬೇಕು. ಹೆಚ್ಚಿನವರು ಬೋರ್ಡಿನ ಮೇಲೆ ತೀರಾ ಮುಂದೆ ಮಲಗುವುದರಿಂದ ಫ್ಲಿಪ್ಪರ್ ಗಾಳಿಯಲ್ಲಿ ಬಡಿಯುತ್ತದೆ. ಚಟಪಟ ಸದ್ದು ಕೇಳಿದರೆ ಶಕ್ತಿ ಪೋಲಾಗುತ್ತಿದೆ ಎಂದೇ ಅರ್ಥ. ಒಂದಷ್ಟು ಹಿಂದೆ ಸರಿದು, ತೊಡೆಯಿಂದ ಒದೆಯಿರಿ. ಫ್ಲಿಪ್ಪರ್ ತುದಿ ನೀರೊಳಗೇ ಇರಲಿ.

ಡಕ್ ಡೈವ್, ಅಂದರೆ ಬೋರ್ಡಿನ ಸಮೇತ ನೊರೆಯಡಿ ಮುಳುಗಿ ದಾಟುವುದು, ನಮಗೆ ಕೊಂಚ ಕಷ್ಟ, ಬೋರ್ಡು ಅಗಲ, ತೇಲುವ ಗುಣ ಜಾಸ್ತಿ. ನೊರೆ ಎರಡು ಬೋರ್ಡುದ್ದ ದೂರ ಇರುವಾಗಲೇ ಶುರು ಮಾಡಿ. ಎರಡೂ ಅಂಚು ಹಿಡಿದು, ತೋಳು ನೆಟ್ಟಗೆ ಮಾಡಿ, ಎದೆಯ ಭಾರದಿಂದ ಮೂತಿ ಮುಳುಗಿಸಿ. ಮೂತಿ ಇಳಿದ ಮೇಲೆ ಒಂದು ಮಂಡಿಯನ್ನು ಪ್ಯಾಡಿನ ಮೇಲಿಟ್ಟು ಬಾಲ ಒತ್ತಿ, ಇನ್ನೊಂದು ಕಾಲಿನಿಂದ ಜೋರಾಗಿ ಒಂದೆರಡು ಒದೆತ. ಫ್ಲಿಪ್ಪರ್ ಇರುವುದರ ಲಾಭ ಇಲ್ಲಿದೆ. ನೊರೆ ಬೆನ್ನ ಮೇಲೆ ಹಾದಾಗ ಮೂತಿಯನ್ನು ಮೇಲ್ಮುಖ ಮಾಡಿದರೆ ಬೋರ್ಡೇ ನಿಮ್ಮನ್ನು ಎತ್ತಿ ತರುತ್ತದೆ. ಬಹುತೇಕರು ಮೂತಿ ಮುಳುಗಿಸುತ್ತಾರೆ, ಬಾಲ ಮರೆಯುತ್ತಾರೆ. ಆ ಬಾಲವನ್ನು ಹಿಡಿದೇ ಅಲೆ ಅವರನ್ನು ಹಿಂದಕ್ಕೆ ಎಳೆಯುವುದು.

ತಡವಾಗಿ, ಓರೆಯಾಗಿ ಹಿಡಿಯಿರಿ

ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ. ಮೀಟರ್ ಎತ್ತರದ ಅಲೆ ಒಡೆಯುವಲ್ಲಿ ಆಳ ಒಂದೂಕಾಲು ಮೀಟರಿನ ಆಸುಪಾಸು ಅಷ್ಟೇ. ಇದರಿಂದ ಎರಡು ಪಾಠ. ಉಬ್ಬರವಿಳಿತ ಬದಲಾದಂತೆ ಒಡೆಯುವ ಜಾಗವೂ ಸರಿಯುತ್ತದೆ, ನಿಮ್ಮ ಕಾಯುವ ಜಾಗವೂ ಜೊತೆಗೇ ಸರಿಯಬೇಕು. ಎರಡನೆಯದು, ಬೀಳುವಾಗ ತಲೆ ಮುಂದಾಗಿ ಧುಮುಕಬೇಡಿ. ಬೆನ್ನೋ ಪಕ್ಕೆಯೋ ಅಗಲವಾಗಿ ನೀರಿಗೆ ತಾಗಲಿ, ತೋಳು ತಲೆಗೆ ಅಡ್ಡ ಬರಲಿ.

ಆರಂಭದಲ್ಲಿ ಅಲೆ ಇನ್ನೂ ಇಳಿಜಾರಾಗಿರುವಾಗ ಹಿಡಿಯಲು ಕಲಿತಿರುತ್ತೀರಿ. ಈಗ ಒಂದೊಂದು ಮಾರು ಒಳಗೆ ಸರಿಯುತ್ತ ಬನ್ನಿ. ನಿಂತವನಿಗೆ ಭಯ ಹುಟ್ಟಿಸುವ ಕಡಿದಾದ ಇಳಿತ ನಮಗೆ ಸಲೀಸು, ಯಾಕೆಂದರೆ ದೇಹದ ಭಾರ ಬೋರ್ಡಿಗೆ ಅಂಟಿಕೊಂಡಿದೆ, ಏಳಬೇಕಾದ ಎತ್ತರವೂ ಕಡಿಮೆ. ಕ್ರಮ ಹೀಗೆ:

1. ಅಲೆ ಬೆನ್ನಿಗೆ ಬರುವ ಮೊದಲೇ ಬೋರ್ಡಿನ ಮೂತಿಯನ್ನು ಹೋಗಬೇಕಾದ ದಿಕ್ಕಿಗೆ ತುಸು ಓರೆ ಮಾಡಿ.
2. ಕೊನೆಯ ಮೂರು ಒದೆತ ಬಲವಾಗಿ. ಕೈ ಈಗಾಗಲೇ ಅಂಚಿನ ಮೇಲಿರಲಿ.
3. ಬಾಲ ಎತ್ತಿದ್ದು ಹೊಟ್ಟೆಗೆ ಗೊತ್ತಾದ ಕ್ಷಣ, ಎರಡೂ ಮಂಡಿಗಳನ್ನು ಒಂದೇ ಸಲಕ್ಕೆ ಗುರುತಿನ ಜಾಗಕ್ಕೆ ಎಳೆದುಕೊಳ್ಳಿ. ಒಂದಾದ ಮೇಲೊಂದು ಎಳೆದರೆ ಬೋರ್ಡು ವಾಲುತ್ತದೆ.
4. ಕೂರಬೇಡಿ. ಎದೆ ಮುಂದೆ, ಸೊಂಟ ಗಾಳಿಯಲ್ಲಿ. ಕೂರುವ ಸರದಿ ಇನ್ನೂ ಬಂದಿಲ್ಲ.

ಮೂರನೆಯದನ್ನು ಮನೆಯಲ್ಲಿ ದಪ್ಪ ಚಾಪೆಯ ಮೇಲೆ ದಿನಕ್ಕೆ ಇಪ್ಪತ್ತು ಸಲ ಮಾಡಿ. ನೋಡುವವರು ನಗುತ್ತಾರೆ, ನಗಲಿ.

ಒಂದು ಶಿಷ್ಟಾಚಾರವೂ ಇದೆ. ಅಲೆ ಮೊದಲು ಒಡೆಯುವ ತುದಿಗೆ ಹತ್ತಿರ ಇರುವವನದೇ ಅಲೆ, ಇದು ಎಲ್ಲ ಕಡೆ ನಿಯಮ. ಫ್ಲಿಪ್ಪರ್ ಇದ್ದವರಿಗೆ ಆ ತುದಿ ತಲುಪುವುದು ಸುಲಭ. ಹಾಗೆಂದು ಬಂದದ್ದನ್ನೆಲ್ಲ ಬಾಚಿಕೊಂಡರೆ ನಿಯಮ ನಿಮ್ಮ ಕಡೆ ಇರುತ್ತದೆ, ನೀರಿನಲ್ಲಿರುವ ಜನ ಇರುವುದಿಲ್ಲ.

ಬಾಟಮ್ ಟರ್ನ್: ಕೂರುವುದು ಇಲ್ಲಿ

ಗೋಡೆಯ ಮೇಲೆ ನೀವು ಮಾಡಬಯಸುವ ಎಲ್ಲದಕ್ಕೂ ವೇಗ ಬರುವುದು ಬುಡದ ಈ ತಿರುವಿನಿಂದ. ನೇರ ಗೆರೆಯವರು ಇದನ್ನು ಮಾಡುವುದೇ ಇಲ್ಲ, ಅರ್ಧ ಇಳಿದು ಅಡ್ಡ ಹೊರಟುಬಿಡುತ್ತಾರೆ. ಧೈರ್ಯ ಮಾಡಿ ಬುಡದ ತನಕ ಇಳಿಯಿರಿ. ಅಲೆ ಬಲಕ್ಕೆ ಒಡೆಯುತ್ತಿದೆ ಎಂದಿಟ್ಟುಕೊಳ್ಳಿ. ಇಳಿತ ಚಪ್ಪಟೆಯಾಗಲು ಶುರುವಾದಾಗ ಮೊದಲು ಕಣ್ಣು ತಿರುಗಲಿ, ಅಲೆಯ ತುಟಿಯ (ಬಾಗಿ ಒಡೆಯುವ ಮೇಲಂಚಿನ) ಮೇಲೆ ತಲುಪಬೇಕಾದ ಒಂದು ಜಾಗ ಹುಡುಕಲಿ. ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಹೆಗಲು. ಬಲ ಹೆಗಲನ್ನು ನೀರಿನ ಕಡೆ ಇಳಿಸಿ, ಬಲಗೈ ಬೆರಳು ನೀರಿಗೆ ತಾಗಲಿ. ಕೈವಾರದ ಮೊನೆಯ ಹಾಗೆ ಆ ಕೈ, ಸುತ್ತ ತಿರುಗುವುದು ಬೋರ್ಡು. ಕೈಯನ್ನು ಮೊಣಕೈ ತನಕ ಅದ್ದಿದರೆ ಅದೇ ಲಂಗರಾಗುತ್ತದೆ, ಬೆರಳಿನಿಂದ ಅಂಗೈಯಷ್ಟು ಸಾಕು.

ಈಗ ಕೂರಿ. ಸೊಂಟ ಹಿಮ್ಮಡಿಗೆ ಇಳಿದಾಗ ಭಾರ ಫಿನ್‌ಗಳ ಮೇಲೆ ಬೀಳುತ್ತದೆ. ಬಲ ಮಂಡಿಯನ್ನೂ ಅದರ ಹಿಂದಿನ ಮುಂಗಾಲನ್ನೂ ಒತ್ತಿದರೆ ಬಲ ಅಂಚು ನೀರೊಳಗೆ ಕಚ್ಚುತ್ತದೆ. ತಿರುವು ಬಿಗಿಯಾದಾಗ ದೇಹ ಭಾರವಾದ ಹಾಗೆ ಅನಿಸಬೇಕು. ಅನಿಸಲಿಲ್ಲವಾದರೆ ನೀವು ತಿರುಗಿಲ್ಲ, ಜಾರಿದ್ದೀರಿ.

ಎಡಗೈ ಎಲ್ಲಿ? ಹಿಂದೆ ನೇತಾಡುವುದು ಸಾಮಾನ್ಯ ತಪ್ಪು. ಅದು ಎದೆಯ ಮುಂದೆ ಹಾದು, ನೀವು ನೋಡುತ್ತಿರುವ ತುಟಿಯ ಕಡೆಗೆ ಚಾಚಲಿ. ಎಡ ಹೆಗಲು ತಾನಾಗಿ ಹಿಂಬಾಲಿಸುತ್ತದೆ.

ಉಯ್ಯಾಲೆ ಜೀಕಿದ ಹಾಗೆ

ಬೋರ್ಡು ಗೋಡೆ ಹತ್ತಲು ಶುರುಮಾಡಿದ ಕ್ಷಣವೇ ಹಿಮ್ಮಡಿಯಿಂದ ಎದ್ದುಬಿಡಿ. ಆ ಗೇಣಿನ ನಿಜವಾದ ಕೆಲಸ ಇದು. ಉಯ್ಯಾಲೆಯ ಮೇಲೆ ನಿಂತು ಜೀಕಿದ್ದರೆ ದೇಹಕ್ಕೆ ಈ ಲೆಕ್ಕ ಗೊತ್ತೇ ಇದೆ. ತುದಿಯಲ್ಲಿ ಕುಕ್ಕರಿಸುತ್ತೀರಿ, ಕೆಳಗೆ ಹಾಯುವಾಗ ಎದ್ದು ನಿಲ್ಲುತ್ತೀರಿ, ಉಯ್ಯಾಲೆ ಪ್ರತಿ ಸಲ ಇನ್ನಷ್ಟು ಮೇಲೇರುತ್ತದೆ. ಭಾರ ಹೆಚ್ಚಿರುವ ಜಾಗದಲ್ಲಿ ಏಳಲು ಹಾಕಿದ ಶ್ರಮವೇ ವೇಗವಾಗಿ ವಾಪಸು ಬರುತ್ತದೆ. ಅಲೆಯಲ್ಲೂ ಅಷ್ಟೇ. ಬುಡದ ತಿರುವಿನಲ್ಲಿ ದೇಹ ಭಾರ, ಅಲ್ಲಿಂದ ಮೇಲೇರುವಾಗ ಏಳಬೇಕು. ತುದಿಯಲ್ಲಿ ದೇಹ ಹಗುರ, ಅಲ್ಲಿ ಮತ್ತೆ ತಗ್ಗಬೇಕು.

ಅಲೆ ಉದ್ದಕ್ಕೆ ತೆರೆದಿರುವಾಗ ಪೂರ್ತಿ ಬುಡಕ್ಕಿಳಿಯದೆ, ಗೋಡೆಯ ಮೇಲಿನ ಅರ್ಧದಲ್ಲೇ ಇದನ್ನು ಚಿಕ್ಕದಾಗಿ ಮಾಡಬಹುದು. ತಗ್ಗು, ಏಳು, ತಗ್ಗು, ಏಳು. ಎರಡು ಜೀಕಿಗೇ ವ್ಯತ್ಯಾಸ ಕಾಣುತ್ತದೆ. ಮೊದಮೊದಲು ಲಯ ತಪ್ಪುತ್ತದೆ, ಏಳಬೇಕಾದಲ್ಲಿ ಕೂತು ಇದ್ದ ವೇಗವನ್ನೂ ಕಳೆದುಕೊಳ್ಳುತ್ತೀರಿ. ಅಲೆ ಮುಂದೆ ಬಾಗಿ ಕಡಿದಾಗಿರುವಲ್ಲಿ ಜೀಕಬೇಡಿ, ಅಲೆಯೇ ವೇಗ ಕೊಡುತ್ತದೆ. ಚಪ್ಪಟೆ ಜಾಗ ಬಂದರೆ ಎದೆಯನ್ನು ಮಂಡಿಯ ಮುಂದಕ್ಕೆ ಬಾಗಿಸಿ, ಸೊಂಟ ಎತ್ತಿಯೇ ಇಡಿ. ಬಾಲ ಮುಳುಗದೆ ಬೋರ್ಡು ಚಪ್ಪಟೆಯಾಗಿ ಜಾರುತ್ತದೆ. ಮಂಡಿ ಸರಿಸಲಾಗದ ನಮಗೆ ಭಾರ ಹಿಂದೆಮುಂದೆ ಮಾಡಲು ಇರುವುದು ಎದೆ ಮತ್ತು ಸೊಂಟ ಮಾತ್ರ.

ಇದೊಂದಕ್ಕೆ ಇಡೀ ಒಂದು ತಿಂಗಳು ಕೊಟ್ಟರೂ ನಷ್ಟವಿಲ್ಲ.

ಕಟ್‌ಬ್ಯಾಕ್ ಮತ್ತು ತುಟಿ

ವೇಗ ಸಿಕ್ಕ ಮೇಲೆ ಅಲೆಯನ್ನು ಬಿಟ್ಟು ಮುಂದೆ ಓಡಿಬಿಡುವ ಸಮಸ್ಯೆ ಶುರುವಾಗುತ್ತದೆ. ಅಲೆಯ ಶಕ್ತಿ ಇರುವುದು ಒಡೆಯುವ ಜಾಗದ ಹತ್ತಿರ, ಆದ್ದರಿಂದ ಅಲೆಯ ಹೆಗಲಿಗೆ, ಅಂದರೆ ಇನ್ನೂ ಒಡೆಯದ ಇಳಿಜಾರು ಭಾಗಕ್ಕೆ, ಹೋದವರು ವಾಪಸು ಬರಬೇಕು. ಅದೇ ಕಟ್‌ಬ್ಯಾಕ್. ಗೋಡೆಯ ಮೇಲ್ಭಾಗದಲ್ಲಿ, ವೇಗ ಇನ್ನೂ ಉಳಿದಿರುವಾಗಲೇ, ತಲೆಯನ್ನು ಬೆನ್ನ ಹಿಂದಿನ ನೊರೆಯ ಕಡೆಗೆ ತಿರುಗಿಸಿ. ಬರೀ ಕಣ್ಣು ಸಾಲದು, ಗದ್ದ ಹೆಗಲ ಮೇಲೆ ಬರಬೇಕು. ಬಲಕ್ಕೆ ಹೋಗುತ್ತಿದ್ದರೆ ಎಡಗೈ ನೀರಿಗೆ, ಎಡ ಮಂಡಿಗೆ ಭಾರ, ಸೊಂಟ ಹಿಮ್ಮಡಿಗೆ. ನೊರೆ ಎದುರಾಗುವ ತನಕ ತಿರುವನ್ನು ಬಿಡಬೇಡಿ. ಅರ್ಧಕ್ಕೆ ಬಿಟ್ಟರೆ ಅಲೆ ನಿಮ್ಮನ್ನು ದಾಟಿ ಹೋಗಿರುತ್ತದೆ.

ತುಟಿಗೆ ಹೊಡೆಯುವುದು ಬಾಟಮ್ ಟರ್ನಿನ ಇನ್ನೊಂದು ತುದಿ ಅಷ್ಟೇ. ತಿರುವು ಚೂಪಾಗಿದ್ದಷ್ಟು ನೆಟ್ಟಗೆ ಮೇಲೇರುತ್ತೀರಿ. ಬೋರ್ಡಿನ ಮೂತಿ ತುಟಿ ದಾಟುವ ಹೊತ್ತಿಗೆ ತಲೆ ಆಗಲೇ ಕೆಳಗೆ ನೋಡುತ್ತಿರಬೇಕು. ತಡಮಾಡಿದರೆ ಅಲೆಯ ಬೆನ್ನಿನ ಮೇಲೆ ಒಂಟಿಯಾಗಿ ಕೂತಿರುತ್ತೀರಿ.

ಟ್ಯೂಬ್

ಇಲ್ಲಿ ಕುಳ್ಳಗಿರುವುದೇ ಭಾಗ್ಯ. ನಿಂತವನಿಗೆ ಎದೆಯೆತ್ತರದ ಅಲೆಯಲ್ಲಿ ಕಾಣದ ಟ್ಯೂಬ್ ನಮಗೆ ಕೋಣೆಯ ಹಾಗೆ ತೆರೆದುಕೊಳ್ಳುತ್ತದೆ. ಮುಂದಿನ ಗೋಡೆ ನೆಟ್ಟಗಾಗಿ ತುಟಿ ಮುಂದಕ್ಕೆ ಚಾಚುತ್ತಿರುವುದು ಕಂಡರೆ ವೇಗ ತಗ್ಗಿಸಬೇಕು. ಪೂರ್ತಿ ಹಿಂದೆ ಕೂರಿ, ಒಳಗಿನ ಕೈಯನ್ನು ಗೋಡೆಗೆ ಒತ್ತಿ ಎಳೆಯಿರಿ. ತುಟಿ ತಲೆಯ ಮೇಲೆ ಬಾಗಿದ ಕೂಡಲೇ ಕೈ ತೆಗೆದು, ಎದೆ ತಗ್ಗಿಸಿ ಮುಂದೆ ಬಾಗಿ, ಹೊರಗಿನ ಕೈಯಿಂದ ಬೋರ್ಡಿನ ಅಂಚು ಹಿಡಿಯಿರಿ. ಗೆರೆ ಗೋಡೆಯ ನಡುಮಟ್ಟದಲ್ಲಿರಲಿ. ಬುಡದಲ್ಲಿದ್ದರೆ ತುಟಿ ನೇರ ತಲೆಗೆ, ತೀರಾ ಮೇಲಿದ್ದರೆ ಅಲೆ ಎತ್ತಿ ಸುತ್ತಿ ಎಸೆಯುತ್ತದೆ.

ಬೀಳುವ ತುಟಿಯನ್ನು ನೋಡುವ ಆಸೆ ಆಗುತ್ತದೆ. ನೋಡಿದವರು ಅದರಡಿಯೇ ಸಿಕ್ಕಿದರು. ಮುಂದಿನ ಬೆಳಕಿನ ಕಿಂಡಿಯನ್ನು ಬಿಟ್ಟು ಕಣ್ಣು ಕದಲಬಾರದು. ಕಲ್ಲು ತಳದ ಮೇಲೆ, ಸಮುದ್ರದ ಇಳಿತದ ಹೊತ್ತಿನಲ್ಲಿ, ಒಬ್ಬರೇ ಇರುವಾಗ ಇದನ್ನು ಕಲಿಯಲು ಹೋಗಬೇಡಿ. ಮರಳು ತಳದ ಚಿಕ್ಕ ಅಲೆಗಳಲ್ಲಿ ನೂರು ಸಲ ಮುಳುಗಿದರೂ ಅಡ್ಡಿಯಿಲ್ಲ.

ಸೋಮಾರಿ ಪಕ್ಕ

ನಿಂತವರಿಗೆ ಒಂದು ದಿಕ್ಕಿನಲ್ಲಿ ಅಲೆ ಎದುರಿಗೆ, ಇನ್ನೊಂದರಲ್ಲಿ ಬೆನ್ನಿಗೆ. ನಾವು ಯಾವಾಗಲೂ ಮುಂದಕ್ಕೇ ಮುಖ ಮಾಡಿರುವುದರಿಂದ ಎರಡೂ ದಿಕ್ಕು ಒಂದೇ ಎಂದು ಹೇಳುತ್ತಾರೆ. ಮಾತಿಗೆ ಸರಿ. ವಾಸ್ತವದಲ್ಲಿ ಪ್ರತಿಯೊಬ್ಬರಿಗೂ ಒಂದು ಸೋಮಾರಿ ಪಕ್ಕ ಇರುತ್ತದೆ, ಅಲ್ಲಿ ಹೆಗಲು ಇಳಿಯುವುದಿಲ್ಲ, ಕೈ ಎಲ್ಲೋ ಮರೆತಿರುತ್ತದೆ. ವಾರಕ್ಕೊಂದು ದಿನ ಆ ಪಕ್ಕದ ಅಲೆಗಳನ್ನೇ ಆರಿಸಿ ಹಿಡಿಯಿರಿ. ಬೇಸರದ ಕೆಲಸ, ಫಲ ಬೇಗ.

ಮಂಡಿಯೇ ಇಲ್ಲದ ಮೇಲೆ

ನೀರಿನಲ್ಲಿ ಕೂರುವ ಭಂಗಿ ಹೆಚ್ಚುಕಡಿಮೆ ವಜ್ರಾಸನ. ನೆಲದ ಮೇಲೆ ಐದು ನಿಮಿಷ ಹಾಗೆ ಕೂರಲಾಗದವರು ಅಲೆಯ ಹೊಡೆತದಡಿ ಕೂರಲು ಹೋದರೆ ಮಂಡಿ ಲೆಕ್ಕ ಕೇಳುತ್ತದೆ. ದಿನವೂ ಸ್ವಲ್ಪ ಹೊತ್ತು, ಮೊದಲು ಪೃಷ್ಠದಡಿ ದಿಂಬಿಟ್ಟು, ವಾರ ಕಳೆದಂತೆ ದಿಂಬು ತೆಳುವಾಗಲಿ. ತೊಡೆಯ ಮುಂಭಾಗವನ್ನೂ ಪಾದದ ಮೇಲ್ಭಾಗವನ್ನೂ ಹಿಗ್ಗಿಸುವ ವ್ಯಾಯಾಮ ಮಾಡಿ, ಫ್ಲಿಪ್ಪರ್ ಹಾಕಿದ ಪಾದ ಚಾಚಿಕೊಂಡೇ ಇರಬೇಕಾಗುತ್ತದೆ. ಅದಕ್ಕಿಂತ ಮುಖ್ಯ, ಕೂತಲ್ಲಿಂದ ಕೈ ಊರದೆ ಮಂಡಿಯ ಮೇಲೆ ನೆಟ್ಟಗೆ ಏಳಿ, ನಿಧಾನ ಇಳಿಯಿರಿ. ಹತ್ತರಂತೆ ಮೂರು ಸುತ್ತು. ಗೇಣು ಬಳಸುವ ಸ್ನಾಯು ಇದರಿಂದಲೇ ಬರುವುದು.

ಡೆಕ್ ಪ್ಯಾಡ್ ತೆಳುವಾಗಿದ್ದರೆ ಬದಲಿಸಿ. ನೀರಿನಿಂದ ಬಂದ ಮೇಲೆ ಸ್ನಾಯು ನೋಯುವುದು ಸಹಜ. ಕೀಲಿನೊಳಗೆ ಚುಚ್ಚಿದ ಹಾಗಾದರೆ, ಮಂಡಿ ಊದಿಕೊಂಡರೆ, ಮಡಿಚಿ ಬಿಡಿಸುವಾಗ ಸಿಕ್ಕಿಕೊಂಡ ಹಾಗಾದರೆ ಅಲೆ ಎಷ್ಟೇ ಚೆನ್ನಾಗಿರಲಿ, ಮೊದಲು ವೈದ್ಯರು.

ಒಂದು ದಿನ, ಒಂದು ವಿಷಯ

ಇಷ್ಟನ್ನೂ ಒಂದೇ ದಿನ ತಲೆಯಲ್ಲಿ ತುಂಬಿಕೊಂಡು ನೀರಿಗಿಳಿದರೆ ಯಾವುದೂ ಆಗುವುದಿಲ್ಲ. ಇವತ್ತು ಬಾಟಮ್ ಟರ್ನಿನ ಕೈ ಎಂದರೆ ಕೈ ಮಾತ್ರ, ಉಳಿದದ್ದು ಹೇಗೆ ಬೇಕಾದರೂ ಹಾಳಾಗಲಿ. ಮೊದಲ ಎರಡು ಮೂರು ಅಲೆ ಸುಮ್ಮನೆ ಖುಷಿಗೆ, ಆಮೇಲೆ ಹತ್ತು ಅಲೆ ಅಭ್ಯಾಸಕ್ಕೆ. ಕಾಲು ಸೋತು ಮಂಡಿ ಗುರುತಿನ ಜಾಗ ತಪ್ಪಲು ಶುರುವಾದರೆ ಹೊರಗೆ ಬನ್ನಿ, ದಣಿದ ದೇಹ ಕಲಿಯುವುದು ತಪ್ಪನ್ನೇ.

ಹದಿನೈದು ದಿನಕ್ಕೊಮ್ಮೆ ಯಾರ ಕೈಗಾದರೂ ಫೋನ್ ಕೊಟ್ಟು ದಡದಿಂದ ವಿಡಿಯೊ ತೆಗೆಸಿ. ನೋಡುವಾಗ ಅಲೆಯ ಅಂದ ಬೇಡ, ಒಂದನ್ನೇ ಎಣಿಸಿ: ಒಂದು ಅಲೆಯಲ್ಲಿ ಸೊಂಟ ಹಿಮ್ಮಡಿ ಬಿಟ್ಟು ಎಷ್ಟು ಸಲ ಎದ್ದಿತು. ನನ್ನ ಮೊದಲ ವಿಡಿಯೊದಲ್ಲಿ ಆ ಲೆಕ್ಕ ಸೊನ್ನೆ. ಈಗ ಒಳ್ಳೆಯ ಅಲೆಯಲ್ಲಿ ಆರೇಳು ಸಲ ಏಳುತ್ತೇನೆ, ಸೋಮಾರಿ ಪಕ್ಕದಲ್ಲಿ ಇನ್ನೂ ಮೂರೇ.